ಸುಜಾತಾ ಕಾಯ್ದ ಸಿಗಾರುಗಳು

ಬೀದರಿನಂಚಿನ ನೌಬಾದಿನ ಆ ಮನೆಯಲ್ಲಿ ಎಸಿ ಇರುವುದು ಒಂದೇ ಕೋಣೆಗೆ. ಆ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ. ಅಲ್ಲಿ ಸಿಗಾರುಗಳಿವೆ. ಏಪ್ರಿಲ್‌ನಲ್ಲಿ ಬೀದರಿನ ಗೋಡೆಗಳು ಸಂಜೆ ಏಳಾದರೂ ಕಾವು ಬಿಡದಿದ್ದಾಗ ಎಪ್ಪತ್ತು ದಾಟಿದ ಅಂಜನಾಬಾಯಿ ಪಡಸಾಲೆಯ ಫ್ಯಾನಿನ ಕೆಳಗೆ ಒದ್ದೆ ಟವೆಲ್ ಹೊದ್ದು ಮಲಗುತ್ತಾಳೆ. ಏಳನೆಯ ತರಗತಿಯ ಮೊಮ್ಮಗಳು ಆರತಿ ಅಡುಗೆಮನೆಯ ಫರಸಿಕಲ್ಲಿನ ಮೇಲೆ ಪುಸ್ತಕ ಹರವಿಕೊಂಡು ಓದುತ್ತಾಳೆ. ಸೊಸೆ ಸುಜಾತಾ ಮಾತ್ರ ದಿನಕ್ಕೆ ಮೂರು ಸಲ ಆ ಕೋಣೆಯ ಒಳಗೆ ಹೋಗಿ ಬರುತ್ತಾಳೆ. ಒಂದೊಂದು ಸಲಕ್ಕೆ ಹತ್ತು ನಿಮಿಷ. ಆ ಮನೆಯ ತಂಪಿನಲ್ಲಿ ಅವಳ ಪಾಲು ಅಷ್ಟು.

ಸಿಗಾರುಗಳು ಅವಳ ಗಂಡ ಅಮೋಲ್‌ನವು. ಔರಾದ ತಾಲ್ಲೂಕಿನ ಡಾಬಕಾದಲ್ಲಿ ಹುಟ್ಟಿದ ಅಮೋಲ್ ಹದಿನೆಂಟು ವರ್ಷಗಳಿಂದ ಪ್ರವಾಸಿಗರ ಹಡಗೊಂದರಲ್ಲಿ ಬಾರಿನ ಕೆಲಸ ಮಾಡುತ್ತಿದ್ದಾನೆ. ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೆ, ಉಳಿದ ದಿನ ಮನೆಯಲ್ಲಿ. ಮೊದಮೊದಲು ಕುಡಿದು ಖುಷಿಯಾದ ಪ್ರಯಾಣಿಕರು ಒಂದೆರಡು ಸಿಗಾರು ಅವನ ಅಂಗಿಯ ಜೇಬಿಗೆ ತುರುಕಿ ಹೋಗುತ್ತಿದ್ದರು. ಆಮೇಲೆ ಅವನೇ ಬಂದರು ಬಂದರಿನಲ್ಲಿ ಇಳಿದು ಕೊಳ್ಳತೊಡಗಿದ. ವರ್ಷಕ್ಕೆ ಅವನು ಸೇದುವುದು ಎರಡೇ ಎರಡು. ಊರಿಗೆ ಬಂದ ದಿನ ಒಂದು, ಹೊರಡುವ ಹಿಂದಿನ ದಿನ ಒಂದು. ಉಳಿದವು ಇಟ್ಟುಕೊಳ್ಳಲಿಕ್ಕೆ. ಮುನ್ನೂರ ಚಿಲ್ಲರೆ ಆಗಿದ್ದವು.

ಹಳೇ ಊರಿನ ಬಡಗಿ ಕಲೀಮ ಅವಕ್ಕೆಂದೇ ಐದು ಖಾನೆಯ ಅಲಮಾರಿ ಮಾಡಿಕೊಟ್ಟಿದ್ದ. ಒಳಗೋಡೆಗೆ ಅಮೋಲ್ ತರಿಸಿದ ವಾಸನೆಯ ಮರದ ಹಲಗೆ. ಒಂದೊಂದು ದೇಶಕ್ಕೆ ಒಂದೊಂದು ಖಾನೆ, ಖಾನೆಯೊಳಗೆ ಉದ್ದವಾದವು ಹಿಂದೆ, ಗಿಡ್ಡವಾದವು ಮುಂದೆ. ಪ್ರತಿ ಖಾನೆಯಲ್ಲೂ ಕೈಗಡಿಯಾರದಷ್ಟು ದೊಡ್ಡ ಮೀಟರು. ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಅದು ತೋರಿಸುತ್ತದೆ. ಮುಳ್ಳು ಅರವತ್ತೈದರಿಂದ ಎಪ್ಪತ್ತರ ನಡುವೆ ನಿಲ್ಲಬೇಕು. ಬೀದರಿನ ಬೇಸಿಗೆಯಲ್ಲಿ ಅದು ತಾನಾಗಿ ಇಪ್ಪತ್ತೈದಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಎಂಬತ್ತಕ್ಕೆ ಹತ್ತುತ್ತದೆ. ಮುಳ್ಳನ್ನು ನಡುವೆ ನಿಲ್ಲಿಸುವುದು ಸುಜಾತಾಳ ಕೆಲಸ. ಖಾನೆಯ ಮೂಲೆಯಲ್ಲಿ ಸಣ್ಣ ಡಬ್ಬಿ, ಅದರಲ್ಲಿ ಸ್ಪಂಜು, ಸ್ಪಂಜಿಗೆ ನೀರು. ಕೊಳವೆಬಾವಿಯ ನೀರು ಹಾಕಿದರೆ ಬಿಳಿ ಸುಣ್ಣ ಕಟ್ಟುತ್ತದೆಂದು ಇನ್ವರ್ಟರ್ ಅಂಗಡಿಯಿಂದ ಬ್ಯಾಟರಿ ನೀರಿನ ಕ್ಯಾನು ಹೊತ್ತು ತರುತ್ತಿದ್ದಳು. ಮನೆಯವರು ಕುಡಿಯುತ್ತಿದ್ದುದು ಆ ಸುಣ್ಣದ ನೀರನ್ನೇ.

ಹದಿನೈದು ದಿನಕ್ಕೊಮ್ಮೆ ಮೇಲಿನವು ಕೆಳಗೆ, ಕೆಳಗಿನವು ಮೇಲೆ ಆಗಬೇಕು. ಬಿಳಿ ಹತ್ತಿಯ ಕೈಗವಸು ತೊಟ್ಟು ಒಂದೊಂದನ್ನೇ ಎತ್ತಿ, ಬೂಸ್ಟು ಬಂದಿದೆಯೇ, ಎಲೆ ಬಿರಿದಿದೆಯೇ ನೋಡಿ ಇಡಬೇಕು. ಆ ದಿನ ಅವಳು ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಹೂವು ಮುಡಿಯುವಂತಿಲ್ಲ. ತಂಬಾಕಿನ ಎಲೆ ಯಾವ ವಾಸನೆ ಸಿಕ್ಕರೂ ಹೀರಿಕೊಳ್ಳುತ್ತದೆಂದು ಅಮೋಲ್ ಹೇಳಿದ ಮೇಲೆ ಮೆಣಸಿನಕಾಯಿ ಹುರಿಯುವುದು ಹಿತ್ತಲಿಗೆ ಹೋಯಿತು, ದೇವರ ಜಗಲಿ ಮೆಟ್ಟಿಲ ಕೆಳಗೆ ಹೋಯಿತು, ಅಂಜನಾಬಾಯಿಯ ನೋವಿನ ಮುಲಾಮು ಅಂಗಳಕ್ಕೆ ಹೋಯಿತು. ನಿಯಮಗಳನ್ನು ಮಾಡಿದವನು ವರ್ಷದ ಮುಕ್ಕಾಲು ಭಾಗ ಹಡಗಿನಲ್ಲಿದ್ದ. ಪ್ರತಿ ಸಂಜೆ ಐದು ಮೀಟರುಗಳ ಫೋಟೊ ತೆಗೆದು ಅವನಿಗೆ ಕಳಿಸಬೇಕಿತ್ತು.

ಅಂಜನಾಬಾಯಿ ಅವನ್ನು ಚುಟ್ಟಾ ಎಂದೇ ಕರೆಯುತ್ತಿದ್ದಳು. ಮಗ ಎಷ್ಟು ತಿದ್ದಿದರೂ ಬಿಡಲಿಲ್ಲ. "ನಿಮ್ಮಪ್ಪ ಬಕ್ಕಪ್ಪ ಚುಟ್ಟಾ ಕಿವೀ ಹಿಂದ ಸಿಗಿಸ್ಕೊಂಡು ಕುರಿ ಕಾಯ್ತಿದ್ದ. ಅವನ ಕಿವಿಗಿ ಯಾರೂ ಎಸಿ ಕೂಡಸಲಿಲ್ಲ," ಎಂದು ಅವಳು ಒಮ್ಮೆ ವಿಡಿಯೊ ಕರೆಯಲ್ಲೇ ಅಂದಾಗ ಹಡಗಿನಲ್ಲಿದ್ದವನೂ ನಕ್ಕಿದ್ದ.

ಅಮೋಲ್ ಕೆಟ್ಟವನಲ್ಲ. ಕುಡಿದು ಬಂದು ಹೊಡೆದವನಲ್ಲ, ಏರುದನಿಯಲ್ಲಿ ಮಾತಾಡಿದವನೂ ಅಲ್ಲ. ರಜೆಯಲ್ಲಿ ಗೆಳೆಯರು ಬಂದರೆ ಅಲಮಾರಿ ತೆರೆದು ತೋರಿಸುತ್ತಿದ್ದ. ಇವು ಮಕ್ಕಳಿದ್ದ ಹಾಗೆ, ದಿನಾ ನೋಡಿಕೊಳ್ಳಬೇಕು, ಒಂದು ದಿನ ಮೈಮರೆತರೂ ಕೆಟ್ಟವು ಎಂದು ವಿವರಿಸುತ್ತಿದ್ದ. ಇಂಥ ಬಿಸಿಲೂರಿನಲ್ಲಿ ಇಷ್ಟು ವರ್ಷ ಹೇಗೆ ಕಾಪಾಡಿದೆಯಪ್ಪಾ ಎಂದು ಗೆಳೆಯರು ಬೆರಗಾಗುತ್ತಿದ್ದರು. ಶಿಸ್ತು ಬೇಕು ಎನ್ನುತ್ತಿದ್ದ ಅಮೋಲ್. ಸುಜಾತಾ ಚಹಾದ ತಟ್ಟೆಯನ್ನು ಹೊಸ್ತಿಲ ಹೊರಗೇ ಇಡುತ್ತಿದ್ದಳು, ಚಹಾದ ಹಬೆ ಒಳಗೆ ಬರಬಾರದೆಂಬುದೂ ನಿಯಮವಾಗಿತ್ತು.

ಸುಜಾತಾ ಭಾಲ್ಕಿ ತಾಲ್ಲೂಕಿನ ಹಲಬರ್ಗಾದವಳು. ಭಾಲ್ಕಿಯಲ್ಲಿ ಬಿ.ಎಸ್ಸಿ. ಮುಗಿಸಿ, ಬೀದರಿನಲ್ಲಿ ಬಿ.ಎಡ್. ಮಾಡಿದಳು. ಅದರ ಫಲಿತಾಂಶ ಬಂದ ವಾರವೇ ಮದುವೆ. ಒಂದು ವರ್ಷ ಆದ ಮೇಲೆ ಕೆಲಸಕ್ಕೆ ಹೋಗು ಅಂದಿದ್ದರು. ಆ ಒಂದು ವರ್ಷ ಹದಿನಾರು ವರ್ಷವಾಯಿತು. ಹೋದ ವರ್ಷದ ಮೇ ತಿಂಗಳಲ್ಲಿ, ನಲವತ್ತು ತುಂಬಿದಾಗ, ಔರಾದ ದಾರಿಯ ಒಂದು ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನದ ಅತಿಥಿ ಶಿಕ್ಷಕಿ ಬೇಕೆಂದು ತಿಳಿದು ಅರ್ಜಿ ಹಾಕಿದಳು. ಮುಖ್ಯಗುರು ನರಸಿಂಗ ಸರ್ ಅವಳನ್ನು ಕೂರಿಸಿಕೊಂಡು ಮಸೂರದ ಪಾಠ ಮಾಡಿಸಿ ನೋಡಿದರು. ಮಧ್ಯದಲ್ಲೇ ನಿಲ್ಲಿಸಿ, ಜೂನ್ ಒಂದರಿಂದ ಬನ್ನಿ ಎಂದರು.

ಅವಳು ಹಡಗಿಗೆ ಫೋನು ಹಚ್ಚಿದಳು. ಅಮೋಲ್ ಬೇಡವೆನ್ನಲಿಲ್ಲ. "ಹೋಗು. ಆದ್ರ ಒಂದು ಮಾತು. ಅಲಮಾರಿಗಿ ಏನರೆ ಆದ್ರ, ಮರುದಿನ ಸಾಲಿ ಬಂದ್. ಒಪ್ಪಿಗಿ ಅದನೋ ಇಲ್ಲೊ ಈಗೇ ಹೇಳು."

"ಒಪ್ಪಿಗಿ ಅದರಿ," ಎಂದಳು ಸುಜಾತಾ.

ಬೆಳಿಗ್ಗೆ ಎಂಟರ ಬಸ್ಸು ಹಿಡಿದರೆ ತಿರುಗಿ ಬರುವಷ್ಟರಲ್ಲಿ ಆರೂವರೆ. ಬೆಳಗಿನ ನೀರು, ಸಂಜೆಯ ನೀರು, ಫೋಟೊ ಇವನ್ನು ತಾನೇ ಮಾಡಬಹುದು. ಮಧ್ಯಾಹ್ನದ್ದು? ಕರೆಂಟು ಹೋದರೆ ಎಸಿ ನಿಂತ ಕೋಣೆಯ ಕಿಟಕಿಗೆ ಒದ್ದೆ ಚಾದರ ಕಟ್ಟುವವರು ಯಾರು? ಮೂರು ದಿನ ಅದನ್ನೇ ಯೋಚಿಸುತ್ತ ಸೊಪ್ಪು ಸೋಸುತ್ತಿದ್ದವಳನ್ನು ಅತ್ತೆ ನೋಡಿದಳು.

"ನೀ ಹೋಗವ್ವಾ," ಎಂದಳು ಅಂಜನಾಬಾಯಿ. "ಐವತ್ತು ವರ್ಷ ಕಾಳು ಕಾಯ್ದ ಕೈ ಇವು. ಒಂದು ಅಲಮಾರಿ ಚುಟ್ಟಾ ಕಾಯಲಿಕ್ಕಿ ಬರಲ್ಲೇನು ನನಗ?"

ಸುಜಾತಾ ಅತ್ತೆಗೆ ಕೈಗವಸು ತೊಡುವುದು, ಸ್ಪಂಜಿಗೆ ನೀರು ಹನಿಸುವುದು, ಮುಳ್ಳು ಎಲ್ಲಿ ನಿಲ್ಲಬೇಕೆಂಬುದು ಎಲ್ಲ ಕಲಿಸಿದಳು. ಮೀಟರಿನ ಗಾಜಿನ ಮೇಲೆ ಕುಂಕುಮದಿಂದ ಎರಡು ಗೆರೆ ಎಳೆದುಕೊಟ್ಟಳು. ಅಂಜನಾಬಾಯಿ ನಾಲ್ಕು ದಿನಕ್ಕೆ ಪಳಗಿದಳು. ಕರೆಂಟು ಹೋದಾಗ ಚಾದರ ನೆನೆಸುವುದನ್ನು ಯಾರೂ ಹೇಳುವ ಮೊದಲೇ ಮಾಡುತ್ತಿದ್ದಳು. ಹುಳ ಕಂಡರೆ ಸಿಗಾರುಗಳನ್ನು ಮೂರು ದಿನ ಫ್ರೀಜರಿನಲ್ಲಿ ಇಡಬೇಕೆಂದು ಅಮೋಲ್ ಎಂದೋ ಒಮ್ಮೆ ಹೇಳಿದ್ದ. ಹದಿನಾರು ವರ್ಷದಲ್ಲಿ ಒಂದು ಹುಳವೂ ಕಂಡಿರಲಿಲ್ಲ. ಸುಜಾತಾ ಅದನ್ನು ಅತ್ತೆಗೆ ಹೇಳಲಿಲ್ಲ.

ಜುಲೈ ತಿಂಗಳ ಎರಡನೆಯ ವಾರ ನೌಬಾದಿನಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟು ಇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಲಮಾರಿ ತೆರೆದ ಅಂಜನಾಬಾಯಿಗೆ ಎರಡನೆಯ ಖಾನೆಯಲ್ಲಿ ಕಂದು ಬಣ್ಣದ ಪುಟ್ಟ ಹುಳ ಕಂಡಿತು. ಒಂದು ಸಿಗಾರಿನಲ್ಲಿ ಸೂಜಿ ಚುಚ್ಚಿದಂಥ ತೂತು, ಕೆಳಗೆ ಹಿಟ್ಟು. ತೊಗರಿಬೇಳೆಯ ನುಸಿಯನ್ನು ಹುಟ್ಟಿದಂದಿನಿಂದ ನೋಡಿದವಳಿಗೆ ಅದರ ಗುರುತು ಹತ್ತಲು ಕ್ಷಣವೂ ಬೇಕಾಗಲಿಲ್ಲ. ಮದ್ದೂ ಗೊತ್ತಿತ್ತು. ಡಾಬಕಾದಲ್ಲಿ ಪ್ರತಿ ವರ್ಷ ಬೇಳೆಯನ್ನು ಬಿಸಿಲಿಗೆ ಹರವಿ, ಅಂಗೈಯಲ್ಲಿ ಔಡಲೆಣ್ಣೆ ತಿಕ್ಕಿಕೊಂಡು ಕಾಳುಕಾಳಿಗೂ ಹಚ್ಚಿ, ಒಣ ಬೇವಿನೆಲೆ ಹಾಕಿ ತುಂಬಿಡುತ್ತಿದ್ದಳು. ಅವಳ ಬೇಳೆಗೆ ಎರಡು ವರ್ಷವಾದರೂ ನುಸಿ ಬಿದ್ದದ್ದಿಲ್ಲ ಎಂಬುದು ಊರಿಗೇ ಗೊತ್ತಿದ್ದ ಮಾತು.

ಸೊಸೆಗೆ ಫೋನು ಮಾಡಬೇಕೆಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಪಾಠದ ನಡುವೆ ಕರೆದರೆ ಸಾಹೇಬರು ಏನೆಂದಾರು, ಅತ್ತೆಗೆ ಒಂದು ಅಲಮಾರಿ ನೋಡಲು ಬರಲಿಲ್ಲವೆಂದು ಅವಳ ನೌಕರಿಗೆ ಕುತ್ತು ಬಂದೀತು ಎಂದು ಸುಮ್ಮನಾದಳು. ಮರುದಿನ ಮಳೆ ಬಿಡುವು ಕೊಟ್ಟು ಬಿಸಿಲು ಬಿತ್ತು. ಸುಜಾತಾ ಬಸ್ಸಿಗೆ ಹೋದದ್ದೇ ತಡ, ಅಂಜನಾಬಾಯಿ ಹಳೆಯ ಸೀರೆಯನ್ನು ಮಾಳಿಗೆಯ ಮೇಲೆ ಹಾಸಿ ಮುನ್ನೂರನ್ನೂ ಹೊತ್ತು ಹಾಕಿದಳು. ಮೊಳಕಾಲು ಹಿಡಿದುಕೊಂಡು ಹದಿನಾಲ್ಕು ಮೆಟ್ಟಿಲನ್ನು ಎಷ್ಟು ಸಲ ಹತ್ತಿಳಿದಳೋ ಅವಳಿಗೇ ಲೆಕ್ಕವಿಲ್ಲ. ಎಣ್ಣೆ ತಾಗಿ ಬಣ್ಣ ಕೆಡಬಾರದೆಂದು ಪ್ರತಿ ಸಿಗಾರಿನ ಸೊಂಟಕ್ಕಿದ್ದ ಕಾಗದದ ಪಟ್ಟಿಯನ್ನು ಮೆಲ್ಲಗೆ ಜಾರಿಸಿ ತೆಗೆದಿಟ್ಟಳು. ಔಡಲೆಣ್ಣೆ ಹಚ್ಚಿದಳು. ಮಂಕಾಗಿದ್ದ ಎಲೆಗಳು ಮಿಂಚತೊಡಗಿದಾಗ ಅವಳಿಗೆ ಹಿಗ್ಗಾಯಿತು. ಹೊತ್ತಿಳಿಯುವಾಗ ಪಟ್ಟಿಗಳನ್ನು ಮತ್ತೆ ತೊಡಿಸಿದಳು, ಓದಲು ಬಾರದ್ದರಿಂದ ಬಣ್ಣ ಹೊಂದಿಸಿ, ಕೆಂಪಿನ ಪಕ್ಕ ಕೆಂಪು, ಬಂಗಾರದ ಪಕ್ಕ ಬಂಗಾರ. ಖಾನೆಗೆ ಬೇವಿನೆಲೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟಳು.

ಸಂಜೆ ಸುಜಾತಾ ಬಾಗಿಲು ತೆರೆದಾಗ ವಾಸನೆ ಮೊದಲು ಬಂತು. ಅಲಮಾರಿ ಅಷ್ಟು ಅಚ್ಚುಕಟ್ಟಾಗಿ ಹಿಂದೆಂದೂ ಇರಲಿಲ್ಲ. ಹದಿನಾರು ವರ್ಷ ದೇಶದೇಶ ಬೇರೆ ಮಾಡಿ ಇಟ್ಟದ್ದೆಲ್ಲ ಈಗ ಬಣ್ಣದ ಮೇಲೆ ಕಲೆತುಹೋಗಿತ್ತು.

ಅತ್ತೆ ಹಿಂದೆಯೇ ಬಂದು ನಿಂತಿದ್ದಳು. "ನುಸಿ ಬಿದ್ದಿದ್ದವು. ಇನ್ನೆರಡು ದಿನ ಬಿಟ್ಟಿದ್ರ ಎಲ್ಲಾ ಹಿಟ್ಟೇ," ಎಂದಳು. "ಈಗ ನೋಡು ಹ್ಯಾಂಗ ಹೊಳೀತಾವ. ನೀ ಬೇಫಿಕರ್ ಸಾಲಿಗಿ ಹೋಗು."

ಸುಜಾತಾ ಒಂದು ಸಿಗಾರು ಎತ್ತಿ ಮೂಸಿದಳು, ಇಟ್ಟಳು. ಅತ್ತೆಯ ಮೊಳಕಾಲು ಊದಿಕೊಂಡದ್ದು ಸೀರೆಯ ಮೇಲಿಂದಲೇ ಕಾಣುತ್ತಿತ್ತು.

"ಚಲೋ ಮಾಡೀರಿ ಅತ್ತಿ," ಎಂದಳು. ಬಟ್ಟಲಿನಲ್ಲಿ ಉಳಿದಿದ್ದ ಔಡಲೆಣ್ಣೆಯನ್ನು ಬೆಚ್ಚಗೆ ಮಾಡಿ ಆ ಮೊಳಕಾಲಿಗೆ ತಿಕ್ಕಿದಳು.

ಆ ವಾರವಿಡೀ ಫ್ರೀಜರಿನಲ್ಲಿ ಹಾಲಿನ ಪಾಕೀಟು ಇಡುವ ಜಾಗದಲ್ಲಿ ಸಿಗಾರುಗಳನ್ನು ಸರದಿಯಂತೆ ಇಟ್ಟು ತೆಗೆದಳು. ಒಣ ಹತ್ತಿಯಿಂದ ಒಂದೊಂದನ್ನೂ ಒರೆಸಿದಳು. ಫೋನಿನಲ್ಲಿದ್ದ ಹಳೆಯ ಫೋಟೊ ಹಿಗ್ಗಿಸಿ ನೋಡಿ ಪಟ್ಟಿ ಬದಲಿಸಲು ಹೋದಳು. ಅರ್ಧದಷ್ಟು ಸರಿಯಾದವು, ಉಳಿದವು ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಹುಳ ಹೋಯಿತು. ವಾಸನೆ ಹೋಗಲಿಲ್ಲ. ಮೀಟರಿನ ಮುಳ್ಳು ಮಾತ್ರ ಅರವತ್ತೇಳರಲ್ಲೇ ಇತ್ತು, ಅದರ ಫೋಟೊ ದಿನಾ ಹಡಗಿಗೆ ಹೋಗುತ್ತಿತ್ತು, ಅಲ್ಲಿಂದ ಹೆಬ್ಬೆರಳಿನ ಚಿತ್ರ ಬರುತ್ತಿತ್ತು.

ಅಮೋಲ್ ದೀಪಾವಳಿಗೆ ಬರುವವನಿದ್ದ. ಆ ದಿನಕ್ಕೆ ನೌಕರಿ ಮುಗಿಯುತ್ತದೆಂದು ಸುಜಾತಾಗೆ ಗೊತ್ತಾಯಿತು. ಆಮೇಲೆ ಅವಳು ಪಾಠ ಮಾಡಿದ ರೀತಿಯೇ ಬೇರೆ. ಪುಸ್ತಕದ ಕ್ರಮ ಬಿಟ್ಟು ತನಗೆ ಪ್ರೀತಿಯಾದವನ್ನು ಮೊದಲು ಎತ್ತಿಕೊಂಡಳು. ಬೆಳಕು, ಕಣ್ಣು, ಮಸೂರ, ಎಲೆ ಅನ್ನ ಮಾಡಿಕೊಳ್ಳುವ ಬಗೆ. ಕನ್ನಡಕದ ಅಂಗಡಿಯಿಂದ ಒಡೆದ ಗಾಜು ಬೇಡಿ ತಂದು ಅಂಗಳದಲ್ಲಿ ಕಾಗದ ಸುಡಿಸಿದಳು. ಡಿಸೆಂಬರಿನ ಪಾಠ ಆಗಸ್ಟಿನಲ್ಲೇ ಯಾಕೆ ಎಂದು ನರಸಿಂಗ ಸರ್ ಕೇಳಿದ್ದಕ್ಕೆ ಹುಡುಗಿಯರು ಚುರುಕಾಗಿದ್ದಾರೆ ಎಂದಳು. ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮರುದಿನದ ಪಾಠವನ್ನು ಮನಸ್ಸಿನಲ್ಲೇ ಒಮ್ಮೆ ಮಾಡಿ ಮುಗಿಸುತ್ತಿದ್ದಳು. ಬಸ್ಸು ಇಳಿದ ಮೇಲೆ ಅದಕ್ಕೆ ಹೊತ್ತಿರುತ್ತಿರಲಿಲ್ಲ.

ಅಮೋಲ್ ಬಂದ. ಬಂದ ಸಂಜೆಯೇ ಭಾಲ್ಕಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಗೆಳೆಯ ಶಿವಕಾಂತನನ್ನು ಕರೆಸಿಕೊಂಡ. ಅಲಮಾರಿ ತೆರೆದಾಗ ಅಮೋಲ್‌ನ ಹುಬ್ಬು ಗಂಟಾಯಿತು, ಆದರೆ ಪ್ರಯಾಣದ ನೆಗಡಿಯಲ್ಲಿ ಅವನಿಗೆ ವಾಸನೆ ಸರಿಯಾಗಿ ಹತ್ತಲಿಲ್ಲ. ಬಂಗಾರದ ಪಟ್ಟಿಯದೊಂದನ್ನು ಆರಿಸಿ ಶಿವಕಾಂತನಿಗೆ ಕೊಟ್ಟು, ಇಂಥದ್ದು ಹೈದರಾಬಾದಿನಲ್ಲೂ ಸಿಗುವುದಿಲ್ಲ ಎಂದ. ಶಿವಕಾಂತ ಒಂದು ದಮ್ಮು ಎಳೆದು ಕೆಮ್ಮಿದ. ಇನ್ನೊಂದು ಎಳೆದು ನಗತೊಡಗಿದ.

"ಅಮೋಲ್, ಇದೇನೋ ಮಾರಾಯಾ, ಬಾಣಂತಿ ಕೋಣಿ ವಾಸನಿ ಬರ್ತದಲ್ಲೋ. ನಿಮ್ಮ ಹಡಗದಾಗ ಹೆರಿಗಿನೂ ಮಾಡಸ್ತಾರೇನು?"

ಅಮೋಲ್ ತಾನೊಂದು ಹಚ್ಚಿದ. ಆಮೇಲೆ ಮತ್ತೊಂದನ್ನು ಮುರಿದು ಮೂಸಿದ. ಬೇರೆ ಖಾನೆಯದನ್ನು ಮುರಿದ. ಶಿವಕಾಂತ ನಗುವುದನ್ನು ನಿಲ್ಲಿಸಿ ಕೆಲಸದ ನೆವ ಹೇಳಿ ಎದ್ದು ಹೋದ.

"ಯಾರು ಮಾಡಿದ್ದು ಇದು?" ಎಂದ ಅಮೋಲ್.

ಹೊಸ್ತಿಲ ಹೊರಗೆ ನಿಂತಿದ್ದ ಅಂಜನಾಬಾಯಿಗೆ ತಾನು ಮಾಡಿದ್ದೇನು ಎಂಬುದು ಆಗಲೇ ತಿಳಿದದ್ದು. ಅವಳು ಬಾಯಿ ತೆರೆದಳು. ಸುಜಾತಾ ಅತ್ತೆಯ ಕಡೆ ತಿರುಗಿ, "ಅತ್ತಿ, ಹಾಲ ಉಕ್ಕಲಿಕತ್ತಾವ ನೋಡ್ರಿ," ಎಂದಳು. ಒಲೆಯ ಮೇಲೆ ಹಾಲು ಇರಲಿಲ್ಲ. ಅಂಜನಾಬಾಯಿ ಅಡುಗೆಮನೆಗೆ ಹೋದಳು.

"ನಾನೇ ಹಚ್ಚೀನ್ರಿ," ಎಂದಳು ಸುಜಾತಾ. "ನುಸಿ ಬಿದ್ದಿದ್ದವು. ಔಡಲೆಣ್ಣಿ ಹಚ್ಚಿದ್ರ ಹೋಗ್ತಾವ ಅಂದ್ಕೊಂಡೆ."

ಅವನು ಮುರಿದ ತುಂಡುಗಳನ್ನು ಖಾನೆಯ ಅಂಚಿಗಿಟ್ಟ. "ಬಿ.ಎಸ್ಸಿ. ಓದಿದಾಕಿ ನೀ. ಸಾಲ್ಯಾಗ ಸೈನ್ಸ್ ಕಲಸ್ತಿ," ಎಂದ. "ಅವ್ವ ಮಾಡಿದ್ರ ತಿಳ್ಕೋಬಹುದಿತ್ತು. ಆಕೀಗಿ ತಿಳಿಯಲ್ಲ."

ಮರುದಿನ ಹಬ್ಬದ ಎಣ್ಣೆಸ್ನಾನ ಆದ ಮೇಲೆ ಅವನು ಮೆಲ್ಲಗೆ ಮಾತು ತೆಗೆದ. ತಾನು ಬೈದಿಲ್ಲ, ಬೈಯುವುದೂ ಇಲ್ಲ, ಹೋದದ್ದು ಹೋಯಿತು ಎಂದ. ಮೊದಲೇ ಒಪ್ಪಿದ ಮಾತು ಒಂದಿತ್ತಲ್ಲ, ಅಷ್ಟೇ. ನಿನಗೆ ಆಸೆಯಿತ್ತು, ನಾಲ್ಕೈದು ತಿಂಗಳು ಹೋಗಿ ನೋಡಿದೆ, ಎರಡೂ ಕಡೆ ಗಮನ ಇಡಲು ಯಾರಿಗೂ ಆಗುವುದಿಲ್ಲ ಎಂದು ಅವಳಿಗೆ ಸಮಾಧಾನ ಹೇಳಿದ. ಸುಜಾತಾ ಕರಿಗಡಬು ತುಂಬುತ್ತ ಕೇಳಿದಳು. ಪರೀಕ್ಷೆ ಮುಗಿಯುವವರೆಗೆ ಹೋಗಲೇ ಎಂದು ಒಮ್ಮೆ ಕೇಳಿದಳು. ಎಂದಿದ್ದರೂ ಬಿಡುವುದೇ ತಾನೇ ಎಂದ.

ಅಮೋಲ್ ಹೊರಗೆ ಹೋದಾಗ ಅಂಜನಾಬಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ನಾ ಹೇಳ್ತೇನಿ ಅವನಿಗಿ. ನಂದೇ ತಪ್ಪದ, ಆಕೀದಲ್ಲ ಅಂತ ಹೇಳ್ತೇನಿ."

"ಹೇಳಿದ್ರ ಏನಾಗ್ತದ ಅತ್ತಿ?" ಸುಜಾತಾ ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ನೀವು ಅಲಮಾರಿ ನೋಡ್ಕೊಳಲಿಕ್ಕಿ ಬರಲ್ಲ ಅಂತಾಗ್ತದ. ಹಂಗಾದ್ರ ನಾನೇ ಮನ್ಯಾಗ ಕೂಡಬೇಕು. ಯಾರು ಹಚ್ಚಿದ್ರೂ ಕೂಡಾಕಿ ನಾನೇ. ಮ್ಯಾಲ ನಿಮಗ ಡಾಬಕಾಕ್ಕ ಕಳಿಸಿದ್ರ, ನನಗ ಮಾತಾಡಲಿಕ್ಕಿ ಯಾರದಾರ?"

ಅಂಜನಾಬಾಯಿ ಆ ನಂತರ ಅವನ್ನು ಚುಟ್ಟಾ ಎನ್ನಲಿಲ್ಲ. ಆ ಕೋಣೆಯ ಕಡೆ ಹೋಗುವುದನ್ನೇ ಬಿಟ್ಟಳು. ಸಂಕ್ರಾಂತಿಗೆ ಡಾಬಕಾದಿಂದ ಹೊಸ ತೊಗರಿಬೇಳೆ ಬಂದಾಗ ಡಬ್ಬಿಯ ಮುಂದೆ ಸುಮ್ಮನೆ ಕೂತಿದ್ದಳು. ಯಾಕೆ ಅತ್ತಿ ಎಂದು ಕೇಳಿದರೆ, ನೀನೇ ನೋಡು, ನನಗೇನು ತಿಳಿಯುತ್ತದೆ ಎಂದಳು.

ಕೆಟ್ಟ ಸಿಗಾರುಗಳನ್ನು ಸುಜಾತಾ ಹಿತ್ತಲಲ್ಲಿ ಗುಂಡಿ ತೋಡಿ ಹೂತಳು. ಅಲಮಾರಿ ಬಿಸಿನೀರಿನಲ್ಲಿ ಒರೆಸಿ, ಒಣಗಿಸಿ, ವಾಸನೆ ಹೋಗಲೆಂದು ಇದ್ದಿಲು ಇಟ್ಟು, ಒಂದು ತಿಂಗಳು ದಿನಾ ಬಾಗಿಲು ತೆರೆದು ಮುಚ್ಚಿದಳು. ಅಮೋಲ್ ಹೊರಡುವ ಮುನ್ನ ಮುಂಬೈಯಿಂದ ಐವತ್ತು ಹೊಸವು ತರಿಸಿದ. ಹಡಗಿನ ಗೆಳೆಯರಿಂದ ಇನ್ನಷ್ಟು ಬರಲಿದ್ದವು. ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಕ್ಯಾಮೆರಾ ಕೂರಿಸಿದ. ಇನ್ನು ಮುಂದೆ ಫೋಟೊ ಕಳಿಸುವ ಕಷ್ಟ ನಿನಗಿಲ್ಲ, ನಾನೇ ನೋಡಿಕೊಳ್ಳುತ್ತೇನೆ ಎಂದ. ಕ್ಯಾಮೆರಾ ಇರುವುದು ಅಲಮಾರಿ ನೋಡಲಿಕ್ಕೆ, ನಿನ್ನನ್ನು ನೋಡಲಿಕ್ಕಲ್ಲ ಎಂದೂ ಹೇಳಿದ. ಅಲಮಾರಿಯ ಮುಂದೆ ಅವಳೇ ನಿಲ್ಲಬೇಕಾಗಿತ್ತು.

ಹಡಗು ಯಾವ ಸಮುದ್ರದಲ್ಲಿದೆ, ಅಲ್ಲೀಗ ಹಗಲೋ ಇರುಳೋ, ಅವನು ಎಚ್ಚರವಿದ್ದಾನೋ ಮಲಗಿದ್ದಾನೋ ಸುಜಾತಾಗೆ ತಿಳಿಯುವುದಿಲ್ಲ. ಒಮ್ಮೆ ಆರತಿಗೆ ಜ್ವರ ಬಂದು ದವಾಖಾನೆಗೆ ಹೋದ ದಿನ ಮಧ್ಯಾಹ್ನದ ನೀರು ಇಪ್ಪತ್ತು ನಿಮಿಷ ತಡವಾಯಿತು, ಸಾಲಿನಲ್ಲಿ ಕೂತಿದ್ದಾಗಲೇ ಫೋನು ಬಂತು. ಇನ್ನೊಮ್ಮೆ ಅರ್ಧ ದಿನ ತಡವಾದರೂ ಬರಲಿಲ್ಲ. ಯಾವ ದಿನ ನೋಡುತ್ತಾನೆಂದು ಗೊತ್ತಿಲ್ಲದ್ದರಿಂದ ಎಲ್ಲ ದಿನವೂ ಹೊತ್ತಿಗೆ ಸರಿಯಾಗಿ ಹೋಗುತ್ತಾಳೆ.

ಈ ವರ್ಷ ಮೇ ಕೊನೆಗೆ ನರಸಿಂಗ ಸರ್ ಫೋನು ಮಾಡಿದರು. ಸುಜಾತಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ವಿಜ್ಞಾನಕ್ಕೆ ಈ ಸಲವೂ ಯಾರೂ ಇಲ್ಲ, ಹುಡುಗಿಯರು ನಿಮ್ಮ ಹೆಸರನ್ನೇ ಹೇಳುತ್ತಾರೆ, ಒಂದರಿಂದ ಬರಬಹುದೇ ಎಂದು ಕೇಳಿದರು.

"ಆಗಲ್ಲರಿ ಸರ್."

ಈ ವರ್ಷ ಆಗದಿದ್ದರೆ ಬರುವ ವರ್ಷಕ್ಕೆ ಹೆಸರು ಇಟ್ಟುಕೊಳ್ಳುತ್ತೇನೆ ಎಂದರು ಅವರು. ಸುಜಾತಾ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಬರೋ ವರ್ಷಾನೂ ಆಗಲ್ಲರಿ. ನನ್ನ ಹೆಸರು ತೆಗೆದುಬಿಡ್ರಿ."

ಬೇರೆ ಯಾರಾದರೂ ಇದ್ದರೆ ಹೇಳಿ ಎಂದರು. ಎದುರು ಮನೆಯ ಪ್ರಣಾಲಿ ಈ ವರ್ಷವೇ ಬಿ.ಎಡ್. ಮುಗಿಸಿದ್ದಳು. ಚುರುಕು ಹುಡುಗಿ, ಭೌತಶಾಸ್ತ್ರ ಚೆನ್ನಾಗಿ ಗೊತ್ತು ಎಂದು ಸುಜಾತಾ ಹೇಳಿದಳು. ಒಂದೊಂದೇ ಅಂಕಿ ಬಿಡಿಸಿ ಅವಳ ನಂಬರು ಬರೆಸಿದಳು.

"ಮದವಿ ಆಗ್ಯಾದೇನ್ರಿ ಆಕೀದು?" ಎಂದು ಕೇಳಿದರು ನರಸಿಂಗ ಸರ್.

"ಇನ್ನಾ ಇಲ್ಲರಿ."

"ಹಂಗಾದ್ರ ಬರ್ತಾಳ ಬಿಡ್ರಿ," ಎಂದು ಅವರು ಫೋನಿಟ್ಟರು.